ಕುದಿಯುವ ನೀರೋ, ಕುದಿಸಿದ ನೀರೋ: ಜರ್ಮನ್‌ನ ಎರಡು ಕೃದಂತ ವಿಶೇಷಣಗಳು

‘ಕುದಿಯುವ ನೀರು’ ಜರ್ಮನ್‌ನಲ್ಲಿ ‘ಕೊಖೆಂಡೆಸ್ ವಾಸರ್’, ‘ಕುದಿಸಿದ ನೀರು’ ‘ಆಪ್‌ಗೆಕೊಖ್ಟೆಸ್ ವಾಸರ್’. ಎರಡೂ ಕೃದಂತ, ಅಂದರೆ ಕ್ರಿಯಾಪದದಿಂದ ಹುಟ್ಟಿದ ವಿಶೇಷಣ: ಮೊದಲನೆಯದು ಪಾರ್ಟಿಟ್ಸಿಪ್ 1, ಎರಡನೆಯದು ಪಾರ್ಟಿಟ್ಸಿಪ್ 2.

ಕಟ್ಟಲು 1 ಸುಲಭ: ‘ಕೊಖೆನ್’ ಎಂಬ ಮೂಲರೂಪಕ್ಕೆ ‘ಡ್’ ಸೇರಿಸಿ, ಮೇಲೆ ವಿಶೇಷಣದ ಪ್ರತ್ಯಯ ಹಚ್ಚಿದರೆ ಮುಗಿಯಿತು. 2ಕ್ಕೆ ಭೂತಕೃದಂತ ಬಾಯಿಪಾಠವಾಗಿರಬೇಕು. ಪ್ರತ್ಯಯ ಎರಡಕ್ಕೂ ಒಂದೇ ಬಗೆ.

ಅರ್ಥದಲ್ಲಿ 1 ಎಂದರೆ ನಡೆಯುತ್ತಿರುವುದು, 2 ಎಂದರೆ ಮುಗಿದದ್ದು. ‘ಆನ್‌ಕೊಮೆಂಡೆ ತ್ಸೂಕ್’ ಇನ್ನೂ ಬರುತ್ತಿರುವ ರೈಲು. ‘ಆನ್‌ಗೆಕೊಮೆನೆ ತ್ಸೂಕ್’ ಬಂದು ನಿಂತ ರೈಲು.

ಕನ್ನಡಿಗರು ಎಡವುವುದು 2ರಲ್ಲಿ. ನಮ್ಮ ‘ಓದಿದ’ ಪುಸ್ತಕಕ್ಕೂ ಅಂಟುತ್ತದೆ, ಓದಿದ ಹುಡುಗನಿಗೂ ಅಂಟುತ್ತದೆ. ‘ನಾನು ಓದಿದ ಪುಸ್ತಕ’ವನ್ನು ‘ಡಾಸ್ ಫೊನ್ ಮಿಯರ್ ಗೆಲೇಝೆನೆ ಬೂಖ್’ ಎನ್ನಬಹುದು. ಪದಗಳ ಸಾಲೂ ಹೆಚ್ಚುಕಡಿಮೆ ನಮ್ಮದೇ. ಆದರೆ ‘ಪುಸ್ತಕ ಓದಿದ ಹುಡುಗ’ನಿಗೆ ‘ಗೆಲೇಝೆನೆ’ ಹಾಕಿದರೆ ಹುಡುಗನನ್ನೇ ಓದಿದಂತಾಗುತ್ತದೆ! ಸಕರ್ಮಕ ಕ್ರಿಯಾಪದದ 2 ಕರ್ಮಕ್ಕೆ ಮಾತ್ರ ಸೇರುತ್ತದೆ. ಇಲ್ಲಿ ಉಪವಾಕ್ಯವೇ ದಾರಿ: ‘ಡೆರ್ ಯುಂಗೆ, ಡೆರ್ ಡಾಸ್ ಬೂಖ್ ಗೆಲೇಝೆನ್ ಹಾಟ್’.

ಅಕರ್ಮಕವಾದರೆ ಪರ್ಫೆಕ್ಟ್ ಎಂಬ ಭೂತಕಾಲದ ರೂಪದಲ್ಲಿ ಸಹಾಯಕ ಕ್ರಿಯಾಪದವಾಗಿ ‘ಝೈನ್’ (ಇರು) ಬರುತ್ತದೆಯೇ ನೋಡಿ. ‘ಆನ್‌ಕೊಮೆನ್’ಗೆ ಬರುತ್ತದೆ, ಹಾಗಾಗಿ 2 ಸರಿ. ‘ಶ್ಲಾಫೆನ್’ಗೆ (ನಿದ್ರಿಸು) ಬರುವುದು ಇನ್ನೊಂದು ಸಹಾಯಕ, ‘ಹಾಬೆನ್’; ಆದ್ದರಿಂದ ಮಲಗಿದ ಮಗು ‘ಗೆಶ್ಲಾಫೆನೆಸ್’ ಅಲ್ಲ, ‘ಶ್ಲಾಫೆಂಡೆಸ್ ಕಿಂಟ್’.

1ನ್ನು ‘ಇಸ್ಟ್’ (ಇದೆ) ಜೊತೆ ವಾಕ್ಯದ ಕೊನೆಗೆ ಇಡಬೇಡಿ. ‘ವಾಸರ್ ಇಸ್ಟ್ ಕೊಖೆಂಡ್’ ತಪ್ಪು, ‘ಡಾಸ್ ವಾಸರ್ ಕೊಖ್ಟ್’ ಸಾಕು. ಇನ್ನು ಕೃದಂತಕ್ಕೆ ಮೊದಲು ನಾಲ್ಕೈದು ಪದ ಪೇರಿಸುವುದು ಕಚೇರಿ ಕಾಗದಕ್ಕೆ ಸರಿ. ಮಾತಿನಲ್ಲಿ ಉಪವಾಕ್ಯವೇ ಹಿತ.