ಅಡಿಸ್ ಅಬಾಬಾದ ಉಚಿತ ಸರ್ಜರಿ ಕ್ಯಾಂಪ್: ಬೆಳಗಾವಿಯ ಓಟಿ ಸಿಸ್ಟರ್ ಬರೆದ ರಿವ್ಯೂ

ರೇಟಿಂಗ್: 5ಕ್ಕೆ 4

ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ 14 ವರ್ಷದಿಂದ ಓಟಿ ಸಿಸ್ಟರ್, ಅಂದರೆ ಆಪರೇಷನ್ ಥಿಯೇಟರಿನ ನರ್ಸ್. ಅದರಲ್ಲಿ 9 ವರ್ಷ ಪ್ಲಾಸ್ಟಿಕ್ ಸರ್ಜರಿ ಟೇಬಲ್ಲಿನಲ್ಲೇ ಕಳೆದಿದ್ದೇನೆ. ಸ್ಟೋ ಸಿಡಿದು ಸೀರೆಗೆ ಬೆಂಕಿ ಹತ್ತಿದವರು, ಕಬ್ಬಿನ ಗಾಣಕ್ಕೆ ಕೈ ಸಿಕ್ಕವರು, ಸೀಳು ತುಟಿಯ ಕೂಸುಗಳು, ಹೀಗೆ ಸವದತ್ತಿ, ರಾಯಬಾಗ ಕಡೆಯಿಂದೆಲ್ಲ ಬರುತ್ತಾರೆ. ಹೋದ ಅಕ್ಟೋಬರಿನಲ್ಲಿ ರಜೆ ಹಾಕಿ ಇಥಿಯೋಪಿಯಾದ ಅಡಿಸ್ ಅಬಾಬಾಕ್ಕೆ ವಾಲಂಟಿಯರ್ ಆಗಿ ಹೋಗಿದ್ದೆ. ಬಂದಾಗಿನಿಂದ ಗೆಳತಿಯರೆಲ್ಲ ಒಂದೇ ಸಮನೆ ಕೇಳುತ್ತಿದ್ದಾರೆ. ಹೆಂಗಿತ್ತು? ಎಷ್ಟು ಖರ್ಚಾಯ್ತು? ನಾವೂ ಹೋಗಬಹುದಾ? ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಕೊರತೆಗಳನ್ನೂ ಹೇಳಲೇಬೇಕಾಗಿದೆ, ಹಾಗಾಗಿ ಸಂಸ್ಥೆಯ ಹೆಸರು ಹಾಕಿಲ್ಲ.

ಮೊದಲು ಖರ್ಚಿನ ಮಾತು ಮುಗಿಸಿಬಿಡುತ್ತೇನೆ. ವಿಮಾನದ ಟಿಕೆಟ್ ನಮ್ಮದೇ. ಅಲ್ಲಿನ ವಸತಿ, ಊಟ, ಆಸ್ಪತ್ರೆಗೆ ಓಡಾಡುವ ವ್ಯಾನು ಸಂಸ್ಥೆಯದು. ಸಂಬಳ ಇಲ್ಲ. ನನಗೆ ಟಿಕೆಟ್, ವೀಸಾ, ಮುಂಬೈವರೆಗಿನ ಬಸ್ಸು ಎಲ್ಲ ಸೇರಿ 70 ಸಾವಿರದ ಹತ್ತಿರ ಆಯಿತು. ನರ್ಸಿಂಗ್ ಕೌನ್ಸಿಲ್ ನೋಂದಣಿ, ಸರ್ಟಿಫಿಕೇಟು, ಅನುಭವದ ಪತ್ರ ಎಲ್ಲವನ್ನೂ ಮೂರು ತಿಂಗಳ ಮೊದಲೇ ಕಳಿಸಬೇಕಾಯಿತು, ಯಾಕೆಂದರೆ ಅಲ್ಲಿ ರೋಗಿಯನ್ನು ಮುಟ್ಟಲು ಅಲ್ಲಿನ ಸರ್ಕಾರದ ತಾತ್ಕಾಲಿಕ ಪರವಾನಗಿ ಬೇಕು. ಯೆಲ್ಲೋ ಫೀವರ್ ಲಸಿಕೆಯನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಬೇಡಿ. ಹಾಕಿಸಿಕೊಂಡು 10 ದಿನ ಆದ ಮೇಲಷ್ಟೇ ಆ ಕಾರ್ಡಿಗೆ ಬೆಲೆ. ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ಹಿಡಿದು 6 ದಿನದವರೆಗೆ ಬೇರೆ ಇಡುತ್ತಾರೆ. ನಾನು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬಂದೆ.

ಈ ಕ್ಯಾಂಪ್ ಇದ್ದದ್ದು ಮುಖ್ಯವಾಗಿ ನೋಮಾ ರೋಗಿಗಳಿಗೆ. ನಮ್ಮ ಕಡೆ ಈ ಹೆಸರು ಕೇಳಿದವರೇ ಕಡಿಮೆ. ನಾನೂ ಓದುವಾಗ ಪುಸ್ತಕದಲ್ಲಿ ನಾಲ್ಕು ಸಾಲು ನೋಡಿದ್ದೆ, ಅಷ್ಟೇ. ಹೊಟ್ಟೆಗೆ ಸರಿಯಾಗಿ ಸಿಗದ ಸಣ್ಣ ಮಕ್ಕಳಿಗೆ, ಅದರಲ್ಲೂ 2ರಿಂದ 6 ವರ್ಷದವರಿಗೆ, ಹೆಚ್ಚಾಗಿ ದಡಾರ ಬಂದು ಹೋದ ಮೇಲೆ, ವಸಡಿನಲ್ಲಿ ಒಂದು ಹುಣ್ಣು ಏಳುತ್ತದೆ. ಕೆಲವೇ ದಿನಗಳಲ್ಲಿ ಕೆನ್ನೆ, ತುಟಿ, ಮೂಗು ಕೊಳೆತು ಉದುರುತ್ತವೆ. ಚಿಕಿತ್ಸೆ ಸಿಗದಿದ್ದರೆ 10ರಲ್ಲಿ 9 ಮಕ್ಕಳವರೆಗೂ ಸಾಯುತ್ತವೆ. ಶುರುವಿನಲ್ಲೇ ಆಂಟಿಬಯಾಟಿಕ್, ಒಳ್ಳೆಯ ಆಹಾರ ಕೊಟ್ಟರೆ ಅಲ್ಲಿಗೇ ನಿಲ್ಲುವ ರೋಗ ಇದು. ನನಗೆ ಹೆಚ್ಚು ಸಂಕಟ ಆಗುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2023ರ ಡಿಸೆಂಬರಿನಲ್ಲಿ. ಬದುಕಿ ಉಳಿದವರು ಮುಖದಲ್ಲಿ ತೂತು ಇಟ್ಟುಕೊಂಡೇ ದೊಡ್ಡವರಾಗುತ್ತಾರೆ. ಕೆಲವರ ದವಡೆ ಗಟ್ಟಿಯಾಗಿ ಬಾಯೇ ತೆರೆಯುವುದಿಲ್ಲ.

ಊರು ತಂಪಾಗಿದೆ. ಸಮುದ್ರ ಮಟ್ಟದಿಂದ 2,300 ಮೀಟರಿಗೂ ಜಾಸ್ತಿ ಎತ್ತರ. ಮೊದಲ ಎರಡು ದಿನ ಮೆಟ್ಟಿಲು ಹತ್ತಿದರೆ ಏದುಸಿರು. ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. "ಯೆ ತ್ಸೋಮ್" ಎಂದು ಕೇಳಿದರೆ ಆ ಉಪವಾಸದ ಊಟ ಕೊಡುತ್ತಾರೆ. ದೊಡ್ಡ ಹುಳಿ ದೋಸೆಯಂಥ ಇಂಜೆರಾ, ಅದರ ಮೇಲೆ ಶಿರೊ. ಕಡಲೆ ಹಿಟ್ಟಿನ ಶಿರೊ ಬಾಯಿಗಿಟ್ಟ ಕೂಡಲೇ ನನಗೆ ನಮ್ಮ ಝುಣಕ ನೆನಪಾಯಿತು. ಅವ್ವ ಕಡಕ್ ರೊಟ್ಟಿ, ಗುರೆಳ್ಳು ಹಿಂಡಿ ಕಟ್ಟಿಕೊಟ್ಟಿದ್ದಳು. ಒಂದು ಮಧ್ಯಾಹ್ನ ಡಬ್ಬಿ ತೆಗೆದಾಗ ಅಲ್ಲಿನ ಸಿಸ್ಟರ್ ಒಬ್ಬಳು ಬೆರಳಲ್ಲಿ ಹಿಂಡಿ ಮುಟ್ಟಿ, ಮೂಸಿ, "ನೂಗ್!" ಎಂದು ಕೂಗಿದಳು. ಗುರೆಳ್ಳಿನ ಮೂಲವೇ ಅವರ ನೆಲವಂತೆ. ಊರ ಹೊರಗಿನ ಹೊಲಗಳಲ್ಲಿ ಹಳದಿ ಹೂ ಬಿಟ್ಟು ನಿಂತಿದ್ದನ್ನು ಆಮೇಲೆ ತೋರಿಸಿದಳು. ಬೈಲಹೊಂಗಲದ ನಮ್ಮ ಹೊಲದ ಬದುವೇ ಕಣ್ಣ ಮುಂದೆ ಬಂತು. ಅವತ್ತಿನಿಂದ ಅವಳು ನನಗೆ ತಂಗಿ.

ಸಂಸ್ಥೆಗೆ ನಾನು ಕೊಡುವ 4 ಸ್ಟಾರಿನಲ್ಲಿ ಎರಡು ಒಂದೇ ಕಾರಣಕ್ಕೆ. ಹೊರಗಿನಿಂದ ಬಂದ ಪ್ರತಿ ಸಿಸ್ಟರ್ ಪಕ್ಕದಲ್ಲಿ ಅಲ್ಲಿನ ಒಬ್ಬ ಸಿಸ್ಟರ್ ಸ್ಕ್ರಬ್ ಆಗಲೇಬೇಕು, ಅಂದರೆ ಕೈ ತೊಳೆದು ಗೌನು ತೊಟ್ಟು ಟೇಬಲ್ಲಿಗೆ ನಿಲ್ಲಲೇಬೇಕು. ಮೊದಲ ಮೂರು ದಿನ ನಾವು ಉಪಕರಣ ಕೊಡುತ್ತೇವೆ, ಅವರು ನೋಡುತ್ತಾರೆ. ಆಮೇಲೆ ಅವರು ಕೊಡುತ್ತಾರೆ, ನಾವು ನೋಡುತ್ತೇವೆ. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ಟೇಬಲ್ಲಿನಿಂದ ಇಳಿಸುವ ಮೊದಲು, ಮೂರು ಸಲವೂ ನಿಂತು ಜೋರಾಗಿ ಚೆಕ್‌ಲಿಸ್ಟ್ ಓದುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಎರಡು ಟೇಬಲ್, 10 ದಿನ, 26 ರೋಗಿಗಳು. ಒಂದೊಂದು ಆಪರೇಷನ್ ಐದಾರು ಗಂಟೆ. ಬಾಯಿ ತೆರೆಯದವರಿಗೆ ಅರಿವಳಿಕೆ ಕೊಡುವುದೇ ದೊಡ್ಡ ಕೆಲಸ. ರೋಗಿ ಎಚ್ಚರ ಇರುವಾಗಲೇ ಮೂಗಿನಿಂದ ಕ್ಯಾಮೆರಾ ಇರುವ ಸಣ್ಣ ನಳಿಕೆ ಇಳಿಸಿ, ಅದರ ಮೇಲೆ ಉಸಿರಾಟದ ಟ್ಯೂಬ್ ಜಾರಿಸಬೇಕು. ಆ ಹೊತ್ತಿನಲ್ಲಿ ರೋಗಿಯ ಕೈ ಹಿಡಿದು ನಿಲ್ಲುವುದು ನನ್ನ ಕೆಲಸ. ಅಲ್ಲಿನವರು ಹೆಣ್ಣುಮಕ್ಕಳಿಗೆ "ಅಯ್ಜೋಷ್" ಎನ್ನುತ್ತಾರೆ, ಗಂಡುಮಕ್ಕಳಿಗೆ "ಅಯ್ಜೋಹ್". ನಮ್ಮ "ಅಂಜಬ್ಯಾಡ" ಇದ್ದ ಹಾಗೆ. ಮೊದಲು ಅದೊಂದು ಮಾತು ಕಲಿತುಕೊಂಡು ಹೋಗಿ.

ಸಾಮಾನಿನ ಲೆಕ್ಕ ಮಾತ್ರ ಸರಿ ಇರಲಿಲ್ಲ. ಕಸಿ ಮಾಡಲು ತೊಡೆಯಿಂದ ಚರ್ಮ ತೆಗೆಯುವ ಮಷಿನ್ ಬಂದಿತ್ತು, ಅದಕ್ಕೆ ಕೂರುವ ಬ್ಲೇಡ್ ಬಂದಿರಲಿಲ್ಲ. ಯೂರೋಪಿನಿಂದ ಬಂದ ಇಬ್ಬರು ಸಿಸ್ಟರ್‌ಗಳು ಪೆಟ್ಟಿಗೆ ಪೆಟ್ಟಿಗೆ ಹುಡುಕಿದರು. ಅಲ್ಲಿನ ಓಟಿಯ ಕಪಾಟಿನಲ್ಲಿ ಹಂಬಿ ನೈಫ್ ಇತ್ತು, ಕೈಯಿಂದ ಆಡಿಸುವ ಉದ್ದ ಚಾಕು. ಬೆಳಗಾವಿಯಲ್ಲಿ ನಾನು ವಾರಕ್ಕೆ ನಾಲ್ಕು ಸಲ ಅದನ್ನೇ ಕೊಡುವವಳು. ತೊಡೆಗೆ ಲಿಕ್ವಿಡ್ ಪ್ಯಾರಾಫಿನ್ ಸವರಿ, ಎರಡು ಮರದ ಹಲಗೆಯಿಂದ ಚರ್ಮ ಬಿಗಿಹಿಡಿದೆ. ಸರ್ಜನ್ ಚಾಕು ಆಡಿಸಿದರು. ಕೆಳಗೆ ಹಾಳೆ ಇಟ್ಟರೆ ಅಕ್ಷರ ಕಾಣುವಷ್ಟು ತೆಳ್ಳಗೆ ಚರ್ಮ ಎದ್ದು ಬಂತು. ನಮ್ಮಂಥ ಊರಿನ ಆಸ್ಪತ್ರೆಯಲ್ಲಿ ಕಲಿತ ಕೈಗೆ ಅಲ್ಲಿ ಬಹಳ ಬೆಲೆ ಇದೆ. "ನಾವೇನು ಹೇಳಿಕೊಡೋದು ಅವರಿಗೆ" ಎಂದು ಹಿಂಜರಿಯುತ್ತಿರುವ ಸಿಸ್ಟರ್‌ಗಳಿಗೆ ಇದನ್ನು ಒತ್ತಿ ಹೇಳುತ್ತೇನೆ.

ಈಗ ಇಬ್ಬರು ರೋಗಿಗಳ ವಿಷಯ. ಸೇವೆ ಎಂಥದ್ದು ಅಂತ ತಿಳಿಯಲು ಇಷ್ಟು ಸಾಕು.

ಒಬ್ಬಳು 20ರ ಆಸುಪಾಸಿನ ಹುಡುಗಿ. ಸಣ್ಣವಳಿದ್ದಾಗಲೇ ನೋಮಾ ಅವಳ ಮೂಗನ್ನು ತಿಂದಿತ್ತು. ನೆತೆಲಾ ಅಂತ ಅಲ್ಲಿನ ಹೆಂಗಸರು ಹೊದೆಯುವ ತೆಳು ಬಿಳಿ ಬಟ್ಟೆ. ಅದನ್ನು ಕಣ್ಣಿನ ಕೆಳಗೆ ಸೆರಗಿನ ಹಾಗೆ ಹಿಡಿದುಕೊಂಡೇ ಇರುತ್ತಿದ್ದಳು, ಊಟಕ್ಕೂ ಬಿಡುತ್ತಿರಲಿಲ್ಲ. ಅವಳಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದರು. ಇದರ ಕತೆಯನ್ನು ಇಂಗ್ಲೆಂಡಿನ ಸರ್ಜನ್ ಒಬ್ಬರು ರಾತ್ರಿ ಕಾಫಿ ಕುಡಿಯುವಾಗ ನನಗೆ ಹೇಳಿದರು. ನಮ್ಮ ಕಡೆಯದೇ ಕತೆ! 1792ರ ಯುದ್ಧದ ಕಾಲದಲ್ಲಿ ಇಂಗ್ಲಿಷರ ದಂಡಿನ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನನ್ನು ಟಿಪ್ಪುವಿನ ಕಡೆಯವರು ಹಿಡಿದು ಮೂಗು ಕೊಯ್ದಿದ್ದರು. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜನದ ಒಬ್ಬ ಮೇಣದಲ್ಲಿ ಅಳತೆ ತೆಗೆದು, ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಮಾಡಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಚಿತ್ರ ಸಮೇತ ಇದನ್ನು ಅಚ್ಚುಹಾಕಿತು. ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅಲ್ಲಿ ಇದೇ ರೀತಿ ಮಾಡಿದ. ಬೆಳಗಾವಿಯಿಂದ ಪುಣೆ ಒಂದು ರಾತ್ರಿಯ ಬಸ್ಸಿನ ದಾರಿ. ಆ ವಿದ್ಯೆ ಲಂಡನ್ ಸುತ್ತಿ ಬಂದು ಆಫ್ರಿಕಾದಲ್ಲಿ ನನ್ನ ಕೈ ಮುಂದೆ ನಡೆಯುತ್ತಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹಣೆಯಿಂದ ಇಳಿಸಿದ ಚರ್ಮವನ್ನು ಪೂರ್ತಿ ಕತ್ತರಿಸುವುದಿಲ್ಲ. ಹುಬ್ಬಿನ ಹತ್ತಿರ ಒಂದು ತೊಟ್ಟು ಉಳಿಸುತ್ತಾರೆ, ರಕ್ತ ಹರಿಯಲಿ ಅಂತ. ಮೊದಲ ರಾತ್ರಿ ಗಂಟೆಗೊಮ್ಮೆ ಬೆರಳಲ್ಲಿ ಒತ್ತಿ, ಬಣ್ಣ ಎಷ್ಟು ಬೇಗ ಮರಳುತ್ತದೆ ಅಂತ ನೋಡುತ್ತಿದ್ದೆ. ನೀಲಿಗೆ ತಿರುಗಿದರೆ ಕೂಡಲೇ ಸರ್ಜನ್‌ರನ್ನು ಎಬ್ಬಿಸಬೇಕು. ತಿರುಗಲಿಲ್ಲ. ಆದರೆ ಆ ತೊಟ್ಟನ್ನು ಕತ್ತರಿಸುವುದು ಸುಮಾರು ಮೂರು ವಾರ ಆದ ಮೇಲೆ. ನಮ್ಮ ಕ್ಯಾಂಪ್ ಇರುವುದು 14 ದಿನ! ಲೆಕ್ಕ ಹಾಕಿದಾಗ ಎದೆ ಧಸಕ್ ಅಂದಿತು. ನಾನು ಕೇಳಿದೆ, 21ನೇ ದಿನ ಇವಳನ್ನು ನೋಡುವವರು ಯಾರು? ಇದಕ್ಕೆ ಸಂಸ್ಥೆ ಚೆನ್ನಾಗಿಯೇ ತಯಾರಿ ಮಾಡಿತ್ತು. ಅಲ್ಲಿಯದೇ ಒಬ್ಬ ಸರ್ಜನ್ ಮೊದಲಿನಿಂದ ಟೇಬಲ್ಲಿನಲ್ಲಿ ಜೊತೆಗಿದ್ದರು. ಅವಳನ್ನು ಊರಿಗೆ ಕಳಿಸದೆ ಅಲ್ಲೇ ಇರಿಸಿಕೊಂಡರು, ಊಟ ವಸತಿ ಸಂಸ್ಥೆಯದೇ. 22ನೇ ದಿನ ತೊಟ್ಟು ಕತ್ತರಿಸಿಯಾಯಿತು ಅಂತ ನನ್ನ ಆ ತಂಗಿ ವಾಟ್ಸಾಪಿನಲ್ಲಿ ಹೇಳಿದಳು. ಮೂರನೇ ಸ್ಟಾರ್ ಇದಕ್ಕೆ.

ಇನ್ನೊಬ್ಬ 9 ವರ್ಷದ ಹುಡುಗ. ದೇಶದ ದಕ್ಷಿಣದಿಂದ ಒಂದೂವರೆ ದಿನ ಬಸ್ಸಿನಲ್ಲಿ ತಾಯಿ ಕರೆದುಕೊಂಡು ಬಂದಿದ್ದಳು. ದವಡೆ ಪೂರ್ತಿ ಬಿಗಿದಿತ್ತು. ಉದುರಿದ ಹಲ್ಲಿನ ಸಂದಿಯಿಂದ ಗಂಜಿ ಹೀರಿಕೊಂಡು ಬೆಳೆದ ಕೂಸು. "ರಾತ್ರಿ 12ರ ನಂತರ ಏನೂ ಕೊಡಬೇಡಿ" ಅಂತ ಹೇಳಿ ಮಲಗಿಸಿದ್ದೆವು. ಬೆಳಿಗ್ಗೆ ನೋಡಿದರೆ ಐದು ಗಂಟೆಗೆ ಹೊಟ್ಟೆ ತುಂಬ ಗಂಜಿ ಕುಡಿಸಿದ್ದಾಳೆ. ಆಪರೇಷನ್ ಮುಂದಕ್ಕೆ ಹೋಯಿತು. ನಮ್ಮ ತಂಡದ ಒಬ್ಬರು ಅವಳ ಮೇಲೆ ರೇಗಿದರು. ಅವಳದೇನೂ ತಪ್ಪಿಲ್ಲ. ಇಥಿಯೋಪಿಯಾದಲ್ಲಿ ಗಂಟೆ ಎಣಿಸುವುದೇ ಬೇರೆ. ಸೂರ್ಯ ಹುಟ್ಟಿದ ಮೇಲೆ ಶುರು, ನಮ್ಮ ಬೆಳಿಗ್ಗೆ 7 ಅವರಿಗೆ 1. ನಮ್ಮ ಬೆಳಗಿನ 6 ಅವರಿಗೆ ರಾತ್ರಿಯ 12. ಅವಳು ನಾವು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಳು. 26 ರೋಗಿಗಳಿಗೆ ಇಬ್ಬರೇ ದುಭಾಷಿಗಳು, ಅವರಲ್ಲಿ ಒಬ್ಬರಿಗೂ ಆ ತಾಯಿಯ ಊರಿನ ಮಾತು ಬರುತ್ತಿರಲಿಲ್ಲ. ವರ್ಷ ವರ್ಷ ಅದೇ ಊರಿಗೆ ಹೋಗುವ ಸಂಸ್ಥೆ ಇಷ್ಟನ್ನು ಮೊದಲೇ ಯೋಚಿಸಬೇಕಿತ್ತು. ಅವತ್ತೇ ನಾನೂ ತಂಗಿಯೂ ಕೂತು ಪ್ರತಿ ಮಂಚಕ್ಕೆ ಚಂದ್ರ, ಸೂರ್ಯ, ಬಟ್ಟಲಿನ ಚಿತ್ರ ಬರೆದು ನೇತುಹಾಕಿದೆವು.

ಎರಡು ದಿನ ಬಿಟ್ಟು ಅವನ ದವಡೆ ಬಿಡಿಸಿದರು. ಅಸಲಿ ಕೆಲಸ ಆಮೇಲೆ. ನಾಲಿಗೆ ಒತ್ತಿ ಗಂಟಲು ನೋಡಲು ಡಾಕ್ಟರು ಬಳಸುವ ಚಪ್ಪಟೆ ಮರದ ಕಡ್ಡಿ ಗೊತ್ತಲ್ಲ, ಅವನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡಬೇಕು. ನಿಧಾನಕ್ಕೆ ಒಂದೊಂದೇ ಹೆಚ್ಚಿಸಬೇಕು. ತಿಂಗಳುಗಟ್ಟಲೆ ಬಿಡದೆ ಮಾಡಬೇಕು, ಬಿಟ್ಟರೆ ದವಡೆ ಮತ್ತೆ ಬಿಗಿಯುತ್ತದೆ. ಮೊದಲ ದಿನ 8 ಕಡ್ಡಿ. ಹುಡುಗನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ಮಾತ್ರ ಅಡ್ಡ ತರಲಿಲ್ಲ. ತಾಯಿ ಪ್ರತಿ ಕಡ್ಡಿಯನ್ನು ಬೆರಳಲ್ಲಿ ಒತ್ತಿ ಎಣಿಸುತ್ತಿದ್ದಳು. ನಾನು ಹೊರಡುವ ದಿನ 11.

ಡಿಸ್ಚಾರ್ಜ್ ಮಾಡುವಾಗ ಅವಳ ಕೈಗೆ ಒಂದು ಕಟ್ಟು ಕಡ್ಡಿ, ಒಂದು ಹಾಳೆ ಕೊಟ್ಟರು. ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಊರಿಗೆ ಹೋದ ಮೇಲೆ ಇವರನ್ನು ಯಾರು ವಿಚಾರಿಸುತ್ತಾರೆ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗಲಿಲ್ಲ. ನನ್ನ ತಂಗಿಯೇ ಆ ಊರಿನ ಅಂಗಡಿಯೊಂದರ ಫೋನ್ ನಂಬರ್ ಬರೆದುಕೊಂಡಳು. ಪ್ರತಿ ರವಿವಾರ ತಾಯಿ ಅಂಗಡಿಗೆ ಬರುವುದು, ಇವಳು ತನ್ನ ದುಡ್ಡಿನಲ್ಲಿ ಫೋನ್ ಮಾಡುವುದು, ಕಡ್ಡಿಯ ಲೆಕ್ಕ ಕೇಳುವುದು. ಆಮೇಲೆ ಆ ಸಂಖ್ಯೆ ನನಗೆ ಬರುವುದು. ಒಬ್ಬ ಸಿಸ್ಟರ್ ತನ್ನ ಸಂಬಳದಲ್ಲಿ ಮಾಡುತ್ತಿರುವ ಈ ಕೆಲಸವನ್ನು ಸಂಸ್ಥೆ ಮಾಡಬೇಕಿತ್ತು. ನಾನು ಹಿಡಿದಿಟ್ಟ ಐದನೇ ಸ್ಟಾರ್ ಇದೇ. ನಾಲ್ಕನೆಯದನ್ನು ಟೇಬಲ್ಲಿನಲ್ಲಿ ಕಂಡ ಕೆಲಸದ ಗುಣಕ್ಕೆ ಕೊಟ್ಟಿದ್ದೇನೆ, ಅದರಲ್ಲಿ ಎರಡು ಮಾತಿಲ್ಲ.

ಯಾರು ಹೋಗಬಹುದು? ಓಟಿಯಲ್ಲಿ ಕನಿಷ್ಠ ಐದು ವರ್ಷ ಆದವರು, ಸುಟ್ಟಗಾಯ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಕೈ ಪಳಗಿದವರು ಧೈರ್ಯವಾಗಿ ಅರ್ಜಿ ಹಾಕಿ. ಇಂಗ್ಲಿಷ್ ಸರಾಗ ಬರಬೇಕಿಲ್ಲ, ಉಪಕರಣದ ಹೆಸರು ಬಂದರೆ ಸಾಕು. ಹೊಸಬರು ಇಲ್ಲೇ ಇನ್ನಷ್ಟು ಕಲಿತು ಹೋಗಿ. ಅಲ್ಲಿ ನಮಗೆ ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಇಂಟರ್‌ವ್ಯೂನಲ್ಲಿ ಅವರು "ಏನಾದರೂ ಕೇಳುವುದಿದೆಯಾ" ಎಂದಾಗ ಊಟ ವಸತಿ ಕೇಳಿ ಸುಮ್ನಾಗಬೇಡಿ. ನಾವು ಹೊರಟ ಮೇಲೆ ರೋಗಿಯನ್ನು ನೋಡುವವರು ಯಾರು, ಎಷ್ಟು ತಿಂಗಳು, ಯಾರ ದುಡ್ಡಿನಲ್ಲಿ ಅಂತ ಕೇಳಿ. ನಾನು ಕೇಳದೆ ಹೋಗಿದ್ದೆ.

ಇನ್ನೊಂದು ಮಾತು. ಸೀಳು ತುಟಿಯ ಕೂಸು ಮನೆಯಲ್ಲಿದ್ದರೆ ಗ್ರಹಣದ ದಿನ ತಾಯಿ ಈಳಿಗೆ ಮುಟ್ಟಿದ್ದಕ್ಕೆ ಹೀಗಾಯ್ತು ಅಂತ ಅವಳನ್ನು ಕೊರಗಿಸಬೇಡಿ. ಸುಮಾರು 700 ಹೆರಿಗೆಗೆ ಒಂದು ಕೂಸು ಹೀಗೆ ಹುಟ್ಟುತ್ತದೆ. ಸ್ಮೈಲ್ ಟ್ರೈನ್‌ನಂಥ ಸಂಸ್ಥೆಗಳ ನೆರವಿನಿಂದ ನಮ್ಮ ದೇಶದಲ್ಲೇ ಇದರ ಸರ್ಜರಿ ಉಚಿತವಾಗಿ ಆಗುತ್ತದೆ.

ಮುಂದಿನ ಅಕ್ಟೋಬರಿಗೆ ನಾನು ಮತ್ತೆ ಅರ್ಜಿ ಹಾಕಿದ್ದೇನೆ. ಅದರ ಜೊತೆ ಎರಡು ಪುಟದ ಪತ್ರವನ್ನೂ ಕಳಿಸಿದ್ದೇನೆ: ದುಭಾಷಿ, ಚಿತ್ರದ ಹಾಳೆ, ಫೋನಿನ ದುಡ್ಡು. ಹುಡುಗನ ಲೆಕ್ಕ 12, 13, 15ರವರೆಗೆ ಬಂದಿತ್ತು. ಹೋದ ಎರಡು ರವಿವಾರ ತಾಯಿ ಅಂಗಡಿಗೆ ಬಂದಿಲ್ಲವಂತೆ. ಆ ಊರಿಗೆ ಯಾರನ್ನಾದರೂ ಕಳಿಸಿ ಅಂತ ಸಂಸ್ಥೆಗೆ ಮತ್ತೆ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.