ವಿಯೆಟ್ನಾಂ ವೀಸಾನ ಏಜೆಂಟ್ ಕೈಗೆ ಕೊಡೋ ಮೊದಲು ಇದನ್ನ ಓದಿ

ವಿಯೆಟ್ನಾಂಗೆ ಹೊರಟಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. 25 ಡಾಲರಿನ ವೀಸಾಕ್ಕೆ ತಲೆಗೆ ₹6,800ರಂತೆ ನಾಲ್ಕು ಜನಕ್ಕೆ ₹27,200 ಕೊಟ್ಟು, ಶುಕ್ರವಾರ ರಾತ್ರಿ ಕೆಂಪೇಗೌಡ ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಿಂದ ಲಗೇಜು ಸಮೇತ ಮನೆಗೆ ವಾಪಸ್ ಬಂದಿದ್ದೀವಿ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಬರೀತಿದ್ದೀನಿ, ಯಾಕಂದ್ರೆ ಆ ಏಜೆಂಟ್ ಇನ್ನೂ ಅಂಗಡಿ ತೆಗೆದುಕೊಂಡು ಕೂತಿದ್ದಾನೆ.

ಕೌಂಟರಿನಲ್ಲಿದ್ದ ಹುಡುಗಿ ಅತ್ತೆಯವರ ಪಾಸ್‌ಪೋರ್ಟ್ ಮತ್ತೆ ವೀಸಾ ಪ್ರಿಂಟ್ ಎರಡನ್ನೂ ಪಕ್ಕಪಕ್ಕ ಇಟ್ಟು ಪೆನ್ನಿನ ತುದಿಯಲ್ಲಿ ಒಂದೊಂದೇ ಅಂಕಿ ಮುಟ್ಟುತ್ತಾ ಬಂದಳು. ಮೊದಲ ಅಕ್ಷರಕ್ಕೇ ನಿಂತಳು. "ಮೇಡಂ, ಪಾಸ್‌ಪೋರ್ಟ್ ನಂಬರ್ ಬೇರೆ ಇದೆ." ಒಂದಂಕಿ ಆಚೀಚೆ ಆಗಿದ್ದಲ್ಲ, ಇಡೀ ನಂಬರೇ ಬೇರೆ. ಅದು ಅವರ ಹಳೇ ಪಾಸ್‌ಪೋರ್ಟಿನ ನಂಬರು. ವಾಯಿದೆ ಮುಗಿದು ರೀಇಶ್ಯೂ ಮಾಡಿಸಿದಾಗ ನಂಬರ್ ಬದಲಾಗುತ್ತೆ, ಹಳೇ ನಂಬರನ್ನ ಹೊಸ ಪುಸ್ತಕದ ಕೊನೇ ಪುಟದಲ್ಲಿ, ಅಪ್ಪ ಅಮ್ಮನ ಹೆಸರು ವಿಳಾಸ ಇರೋ ಕಡೆ, ಅಚ್ಚು ಹಾಕಿರ್ತಾರೆ. ಈ ಪುಣ್ಯಾತ್ಮ ಅದನ್ನ ನೋಡಿಕೊಂಡು ಟೈಪ್ ಮಾಡಿದ್ದಾನೆ. ಮೊದಲ ಪುಟ, ಕೊನೇ ಪುಟ ಎರಡರ ಫೋಟೋನೂ ವಾಟ್ಸಾಪಿನಲ್ಲಿ ತರಿಸಿಕೊಂಡಿದ್ದ. ವಿಯೆಟ್ನಾಂ ಫಾರ್ಮಿಗೆ ಕೊನೇ ಪುಟ ಬೇಕಾಗೇ ಇಲ್ಲ. ಫೋಟೋ ಇರೋ ಪುಟ ಒಂದೇ ಸಾಕು.

ಅಲ್ಲಿಂದಲೇ ಫೋನ್ ಮಾಡಿದ್ವಿ. ಅವನ ಮೊದಲ ಮಾತು: "ಮೇಡಂ, ಆ ನಂಬರ್ ನಿಮ್ಮ ಪಾಸ್‌ಪೋರ್ಟಲ್ಲೇ ಇದೆಯಲ್ಲ, ಕೊನೇ ಪುಟ ನೋಡಿ." ಹಾಗಂತ ನನಗೇ ತಿರುಗಿಸಿ ಹೇಳ್ತಾನೆ! ಆಮೇಲೆ "ಎಂಬೆಸಿಯವರು ಮಿಸ್ಟೇಕ್ ಮಾಡಿದ್ದಾರೆ" ಅಂದ. ಇದು ಶುದ್ಧ ಸುಳ್ಳು. ಇ-ವೀಸಾ ಕೊಡೋದು ವಿಯೆಟ್ನಾಂನ ಇಮಿಗ್ರೇಷನ್ ಇಲಾಖೆ. ನಮ್ಮ ಫಾರ್ಮು ದೆಹಲಿಯ ಎಂಬೆಸಿಗೆ ಹೋಗೋದೇ ಇಲ್ಲ, ನಾವು ಏನು ಟೈಪ್ ಮಾಡ್ತೀವೋ ಅದೇ ವೀಸಾದ ಮೇಲೆ ಬರೋದು. ಕೊನೆಗೆ "ಎಮರ್ಜೆನ್ಸಿ ಕರೆಕ್ಷನ್ ಮಾಡಿಸ್ತೀನಿ, ₹14,000 ಆಗುತ್ತೆ, ಎರಡು ಗಂಟೇಲಿ ಬರುತ್ತೆ" ಅಂದ. ರಾತ್ರಿ ಹತ್ತು ಗಂಟೆ, ಮಾರನೇ ದಿನ ಶನಿವಾರ. ಶನಿವಾರ ಭಾನುವಾರ ಅಲ್ಲಿ ಲೆಕ್ಕಕ್ಕೇ ಇಲ್ಲ. ಯಾವ ಅಧಿಕಾರಿ ಕೂತು ಎರಡು ಗಂಟೇಲಿ ಕೊಡ್ತಾನೆ? ಅತ್ತೆ ಪಕ್ಕದ ಕುರ್ಚಿಯಲ್ಲಿ ಕೂತು "ನನ್ನಿಂದ ಹೀಗಾಯ್ತಲ್ಲ" ಅಂತಿದ್ರು. ಅವರ ತಪ್ಪು ಏನೂ ಇರಲಿಲ್ಲ.

ನಿಜವಾಗಿ ಮೋಸ ಹೋದೆ ಅನ್ನಿಸಿದ್ದು ಮಾರನೇ ದಿನ. ಹತ್ತು ದಿನ ಮುಂಚೆಯೇ ಅಪ್ಲೈ ಮಾಡಿದ್ದೀನಿ ಅಂತಲೇ ಹೇಳ್ತಾ ಬಂದಿದ್ದ, ದಿನಾ ಕೇಳಿದಾಗಲೂ "ಪ್ರಾಸೆಸ್‌ನಲ್ಲಿದೆ ಮೇಡಂ, ಸಿಸ್ಟಮ್ ಸ್ಲೋ." ಜಗಳ ಆದಮೇಲೆ ತನ್ನ ಸಾಚಾತನ ತೋರಿಸೋಕೆ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಅದರ ಮೂಲೆಯಲ್ಲಿ ತಾರೀಕು ಇತ್ತು, ಅದೇ ವಾರದ ಮಂಗಳವಾರ. ಅಂದ್ರೆ ನಮ್ಮ ದುಡ್ಡು ಒಂದು ವಾರ ಇಟ್ಟುಕೊಂಡು, ಕೊನೇ ಗಳಿಗೆಯಲ್ಲಿ ಅರ್ಜಿ ಹಾಕಿ, ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಪಿಡಿಎಫ್ ಕಳಿಸಿದ್ದ. ತಪ್ಪು ಗೊತ್ತಾದ್ರೂ ತಿದ್ದೋಕೆ ಟೈಮೇ ಇರಬಾರದು, ಹಾಗೆ. ಅರ್ಜಿ ಎಲ್ಲಿದೆ ಅಂತ ನಾವೇ ನೋಡೋಣ ಅಂದ್ರೂ ಆಗ್ತಿರಲಿಲ್ಲ. ಸ್ಟೇಟಸ್ ನೋಡೋಕೆ ರಿಜಿಸ್ಟ್ರೇಷನ್ ಕೋಡ್, ಜನ್ಮದಿನಾಂಕ, ಫಾರ್ಮಿನಲ್ಲಿ ಕೊಟ್ಟ ಇಮೇಲ್ ಮೂರೂ ಬೇಕು. ಇಮೇಲ್ ಅವನದ್ದು, ಕೋಡ್ ಕೂಡ ಅವನ ಹತ್ತಿರವೇ. ಇದೇ ಇವರ ಕೀಲಿಕೈ. ಯಾರ ಕೈಲಿ ಮಾಡಿಸಿದರೂ ನಿಮ್ಮ ಇಮೇಲನ್ನೇ ಹಾಕಿಸಿ, ಕೋಡ್ ಅವತ್ತೇ ಇಸ್ಕೊಳ್ಳಿ. "ನಮ್ಮ ಆಫೀಸ್ ಇಮೇಲೇ ಹಾಕೋದು" ಅಂದ್ರೆ ಎದ್ದು ಬನ್ನಿ.

ಅದೇ ರಾತ್ರಿ ಅತ್ತೆಯವರ ಅರ್ಜಿಯನ್ನ ನಾವೇ ಹಾಕಿದ್ವಿ. ನಲವತ್ತು ನಿಮಿಷ ಹಿಡಿಯಿತು. ಬುಧವಾರ ಸಂಜೆ ವೀಸಾ ಬಂತು. ಖರ್ಚು 25 ಡಾಲರು, ಅದರ ಮೇಲೆ ಪೇಮೆಂಟಿನ ಸಣ್ಣ ಚಾರ್ಜು, ಅಂದ್ರೆ ಎರಡು ಸಾವಿರದ ಚಿಲ್ಲರೆ ರೂಪಾಯಿ. ಇಷ್ಟೇ ಇದ್ದಿದ್ದು. ಇಷ್ಟಕ್ಕೆ ₹6,800.

ಸರ್ಕಾರಿ ವೆಬ್‌ಸೈಟಿನ ವಿಳಾಸ ಡಾಟ್ ಜಿಒವಿ ಡಾಟ್ ವಿಎನ್ ಅಂತ ಮುಗಿಯಬೇಕು. ಗೂಗಲ್‌ನಲ್ಲಿ ಹುಡುಕಿದ್ರೆ ಮೇಲೆ ಬರೋದು ಜಾಹೀರಾತು, ಅವುಗಳ ಮೇಲೂ ವಿಯೆಟ್ನಾಂ ಬಾವುಟ, ಲಾಂಛನ ಎಲ್ಲಾ ಇರುತ್ತೆ, ಆದರೆ ವಿಳಾಸ ಡಾಟ್ ಕಾಮೋ ಡಾಟ್ ಆರ್ಗೋ ಆಗಿರುತ್ತೆ. ಒಂದು ಸಲ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ವಿಯೆಟ್ನಾಂನಿಂದ ಕಾಂಬೋಡಿಯಾಗೆ ಹೋಗಿ ವಾಪಸ್ ಬರೋರು 50ರದ್ದೇ ತಗೊಳ್ಳಿ, ಇಲ್ಲಾಂದ್ರೆ ಎರಡನೇ ಸಲ ಒಳಗೆ ಬಿಡಲ್ಲ. 2023ರ ಆಗಸ್ಟ್ 15ರಿಂದ ಇ-ವೀಸಾ 90 ದಿನದವರೆಗೂ ಸಿಗುತ್ತೆ. "30 ದಿನಕ್ಕೆ ಇಷ್ಟು, 90 ದಿನಕ್ಕೆ ಅಷ್ಟು" ಅಂತ ಅವನು ತೋರಿಸಿದ ರೇಟ್ ಕಾರ್ಡು ಬರೀ ಅವನ ಸೃಷ್ಟಿ, ಸರ್ಕಾರದ ಫೀಸಿಗೆ ದಿನದ ಲೆಕ್ಕ ಇಲ್ಲ. ಅರ್ಜಿ ತಿರಸ್ಕಾರ ಆದರೂ ಫೀಸು ವಾಪಸ್ ಬರಲ್ಲ, ಅದಕ್ಕೇ ಸಬ್ಮಿಟ್ ಒತ್ತೋ ಮೊದಲು ನಿಧಾನವಾಗಿ ಓದಿ.

ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ಪೇಮೆಂಟ್ ಆನ್ ಮಾಡಿಕೊಳ್ಳಿ. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಅದು ಆಫ್ ಇರುತ್ತೆ, ಆ್ಯಪಿನಲ್ಲಿ ನೀವೇ ಆನ್ ಮಾಡಬೇಕು. ದುಡ್ಡು ಕಟ್ಟೋ ಹೊತ್ತಿಗೆ ಫೇಲ್ ಆಗಿ, ಬೇಸತ್ತು ಏಜೆಂಟ್ ಹತ್ತಿರ ಹೋಗೋರೇ ಜಾಸ್ತಿ.

ಪಾಸ್‌ಪೋರ್ಟ್ ಪುಟವನ್ನ ಫ್ಲ್ಯಾಷ್ ಹಾಕಿ ತೆಗೀಬೇಡಿ. ಲ್ಯಾಮಿನೇಷನ್ ಮೇಲೆ ಬೆಳಕು ಹೊಳೆದು ಒಂದು ಅಕ್ಷರ ಮಾಸಿದರೂ ಸರಿಪಡಿಸಿ ಅಂತ ಅರ್ಜಿ ವಾಪಸ್ ಬರಬಹುದು, ಆಗ ಕೆಲಸದ ದಿನಗಳ ಎಣಿಕೆ ಮತ್ತೆ ಶುರು. ಕಿಟಕಿ ಪಕ್ಕ ಹಗಲು ಬೆಳಕಲ್ಲಿ ತೆಗೀರಿ, ಕೆಳಗಿನ ಎರಡು ಸಾಲು ಪೂರ್ತಿ ಕಾಣಬೇಕು. ಮುಖದ ಫೋಟೋದಲ್ಲಿ ಕನ್ನಡಕ ಬೇಡ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ವಾಯಿದೆ ಇರಲಿ.

ಹೆಸರಿನ ವಿಷಯ ನಮ್ಮ ಕಡೆಯವರು ಜಾಸ್ತಿ ನೋಡ್ಕೋಬೇಕು. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಊರು, ಅಪ್ಪನ ಹೆಸರು, ತಮ್ಮ ಹೆಸರು ಎಲ್ಲಾ ಗಿವನ್ ನೇಮಿನಲ್ಲೇ ಸೇರಿರುತ್ತೆ. ಅತ್ತೆಯವರದ್ದೂ ಹಾಗೇ. ಏಜೆಂಟ್ ತಾನೇ ಮಾವನವರ ಹೆಸರನ್ನ ಸರ್‌ನೇಮ್ ಅಂತ ತುಂಬಿದ್ದ! ನಂಬರ್ ಸರಿ ಇದ್ದಿದ್ರೂ ಇದೊಂದಕ್ಕೇ ಸಿಕ್ಕಿಹಾಕಿಕೊಳ್ತಿದ್ವೇನೋ. ಫೋಟೋ ಪುಟದ ಕೆಳಗಿನ ಎರಡು ಸಾಲು ಇದೆಯಲ್ಲ, ಮೊದಲ ಸಾಲಿನಲ್ಲಿ ಹೆಸರು, ಎರಡನೇ ಸಾಲಿನ ಶುರುವಲ್ಲೇ ಪಾಸ್‌ಪೋರ್ಟ್ ನಂಬರ್. ಮೆಷಿನ್ ಓದೋದು ಅದನ್ನೇ. ವೀಸಾ ಪಿಡಿಎಫ್ ಬಂದ ತಕ್ಷಣ ಅದರ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ: ನಂಬರ್, ಹೆಸರು, ಜನ್ಮದಿನಾಂಕ (ದಿನ ಮತ್ತು ತಿಂಗಳು ಅದಲುಬದಲು ಆಗಿರಬಹುದು), ಶುರುವಾಗೋ ತಾರೀಕು, ಇಳಿಯೋ ಏರ್‌ಪೋರ್ಟ್. ನಾನು ಫೋಟೋ ನೋಡಿದೆ, ತಾರೀಕು ನೋಡಿದೆ, ನಂಬರ್ ನೋಡಲಿಲ್ಲ. ಅದು ಇನ್ನೂ ಕೊರೀತಿದೆ.

ವೀಸಾ ಬರೋಕೆ ಮೂರು ಕೆಲಸದ ದಿನ ಅಂತ ಹೇಳಿದರೂ ಹೊರಡೋ ಹದಿನೈದು ದಿನ ಮುಂಚೆಯೇ ಅರ್ಜಿ ಹಾಕಿ. ಟೆಟ್ ಹಬ್ಬ (ಅವರ ಹೊಸ ವರ್ಷ), ಏಪ್ರಿಲ್ 30, ಮೇ 1, ಸೆಪ್ಟೆಂಬರ್ 2 ಅಲ್ಲಿ ರಜೆ. ಇನ್ನೊಂದು ಮಾತು, "ವೀಸಾ ಆನ್ ಅರೈವಲ್ ಲೆಟರ್" ಅಂತ ಅಗ್ಗಕ್ಕೆ ಕೊಡ್ತೀನಿ ಅಂದ್ರೂ ನಂಬಬೇಡಿ, ಆ ಲೆಟರ್ ಹಿಡ್ಕೊಂಡು ಅಲ್ಲಿ ಇಳಿದ ಮೇಲೆ ಸ್ಟಾಂಪಿಂಗ್ ಫೀಸು ಬೇರೆ ಕಟ್ಟಬೇಕು, ಅದನ್ನ ಮುಂಚೆ ಹೇಳಲ್ಲ.

ಅವನ ರೇಟ್ ಕಾರ್ಡಿನಲ್ಲಿ ಥಾಯ್ಲೆಂಡಿನ ಅರೈವಲ್ ಕಾರ್ಡಿಗೂ ₹1,200 ಇತ್ತು. 2025ರ ಮೇ 1ರಿಂದ ಶುರುವಾದ ಆ ಕಾರ್ಡು ಪೂರ್ತಿ ಉಚಿತ. ಸಿಂಗಪುರದ್ದು, ಮಲೇಷ್ಯಾದ್ದೂ ಉಚಿತ. ಅಲ್ಲಿ ಇಳಿಯೋಕೆ ಮುಂಚಿನ ಮೂರು ದಿನದ ಒಳಗೆ ಫೋನಲ್ಲೇ ತುಂಬಬಹುದು.

ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: "ಮೇಡಂ ವೀಸಾ ಬಂದಿದೆ ಅಲ್ವಾ, ಸರ್ವಿಸ್ ಚಾರ್ಜ್ ನಾನ್ ರಿಫಂಡಬಲ್. ಚೆಕ್ ಮಾಡ್ಕೊಳೋದು ಕಸ್ಟಮರ್ ರೆಸ್ಪಾನ್ಸಿಬಿಲಿಟಿ." ಬಿಲ್ ಕೊಟ್ಟಿಲ್ಲ, ದುಡ್ಡು ತಗೊಂಡಿದ್ದು ಸ್ವಂತ ಯುಪಿಐಗೆ. ಚಾಟ್, ಸ್ಕ್ರೀನ್‌ಶಾಟ್ ಎಲ್ಲಾ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀವಿ. ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ, ಮಗಳದ್ದು ಮಾಡಿಲ್ಲ. ನಿನ್ನೆ ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇತ್ತು: ವಿಯೆಟ್ನಾಂ ವೀಸಾ, ನೂರಕ್ಕೆ ನೂರು ಗ್ಯಾರಂಟಿ, ₹6,800.