‘ಸೌಂಡ್ ಬರವಲ್ದು’ ಅಂದಕೂಡಲೇ ಕೈಗಿಡುವ ಯುಎಸ್‌ಬಿ ಸೌಂಡ್ ಕಾರ್ಡ್: ತಗೋಬೇಕಾ, ಬೇಡವಾ?

ವಿಜಯಪುರದ ಗಾಂಧಿ ಚೌಕದ ಸುತ್ತ ಯಾವುದಾದರೂ ಕಂಪ್ಯೂಟರ್ ಅಂಗಡಿಗೆ ಹೋಗಿ ‘ಅಣ್ಣಾರ, ಡೆಸ್ಕ್‌ಟಾಪ್‌ಗೆ ಸೌಂಡ್ ಬರವಲ್ದು’ ಅನ್ನಿ. ಒಂದೋ ‘ಸಿಪಿಯು ತಗೊಂಡ್ ಬರ್ರಿ, ನೋಡೂಣು’ ಅಂತಾರೆ, ಇಲ್ಲವೇ ಗಾಜಿನ ಕೌಂಟರಿನೊಳಗಿಂದ ಹೆಬ್ಬೆರಳಿನಷ್ಟು ಉದ್ದದ ಸಾಮಾನೊಂದನ್ನು ತೆಗೆದು ‘ಇದನ್ನ ಹಚ್ಚಿ ನೋಡ್ರಿ’ ಅಂತಾರೆ. ಅದೇ ಯುಎಸ್‌ಬಿ ಸೌಂಡ್ ಕಾರ್ಡ್. ಹೆಸರಿಲ್ಲದ್ದು ಸುಮಾರು 150ರಿಂದ 300 ರೂಪಾಯಿಗೆ ಸಿಗುತ್ತದೆ. ಸಾಮಾನು ಒಳ್ಳೆಯದೇ. ಆದರೆ ಇದನ್ನು ಕೊಂಡೊಯ್ಯುವ ಬಹಳ ಮಂದಿಗೆ ಇದರ ಗರಜೇ ಇರುವುದಿಲ್ಲ. ಗರಜು ಇರುವವರು ಮಾತ್ರ ಮದರ್‌ಬೋರ್ಡ್ ರಿಪೇರಿ ಅಂತ ಸುಮ್ಮನೆ ರೊಕ್ಕ ಸುರಿಯುತ್ತಿರುತ್ತಾರೆ.

ಒಳಗೆ ಏನಿದೆ ಅಂತ ಮೊದಲು ನೋಡೋಣ. ಒಂದು ತುದಿಗೆ ಯುಎಸ್‌ಬಿ ಪಿನ್ನು, ಇನ್ನೊಂದು ತುದಿಗೆ 3.5 ಮಿಮೀ ಅಳತೆಯ ಎರಡು ಜ್ಯಾಕ್: ಹಸಿರು ಸ್ಪೀಕರ್‌ಗೆ, ಗುಲಾಬಿ ಮೈಕ್‌ಗೆ. ನಡುವೆ ಒಂದೇ ಚಿಪ್. ಅದು ಸಾಮಾನ್ಯವಾಗಿ ಸಿ-ಮೀಡಿಯಾದ ಸಿಎಂ108 ಅಥವಾ ಅದರ ನಕಲು. ಮದರ್‌ಬೋರ್ಡಿನ ಮೇಲಿರುವ ರಿಯಲ್‌ಟೆಕ್ ಚಿಪ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ, ಅಂದರೆ ಡಿಜಿಟಲ್ ಲೆಕ್ಕವನ್ನು ಸ್ಪೀಕರಿಗೆ ತಿಳಿಯುವ ಸಿಗ್ನಲ್ ಮಾಡಿ ಕೊಡುವುದು. ಬೋರ್ಡಿನ ಆಡಿಯೊ ಚಿಪ್ಪು, ಅದರ ಜ್ಯಾಕು, ಮುಂದಿನ ಪ್ಯಾನೆಲ್ಲಿನ ವೈರು, ಯಾವುದರ ಹಂಗೂ ಇದಕ್ಕಿಲ್ಲ. ಹೀಗಾಗಿ ಅವುಗಳಲ್ಲಿ ಏನೇ ಕೆಟ್ಟಿದ್ದರೂ ಇದರಿಂದ ಸೌಂಡ್ ಬರುತ್ತದೆ. ಅವು ಕೆಟ್ಟಿರದಿದ್ದರೆ ಇದು ಬರೀ ದಂಡ.

ಹಾಗಾಗಿ ಅಂಗಡಿಗೆ ಹೊರಡುವ ಮೊದಲು ಹತ್ತು ನಿಮಿಷ ಮನೆಯಲ್ಲೇ ಕಳೆಯಿರಿ.

ಮೊದಲು ಸ್ಪೀಕರ್ ಪಿನ್ನನ್ನು ಕಿತ್ತು ಮೊಬೈಲಿಗೆ ಹಚ್ಚಿ ನೋಡಿ. ಅಲ್ಲಿಯೂ ಹಾಡು ಕೇಳದಿದ್ದರೆ ತಪ್ಪು ಕಂಪ್ಯೂಟರಿನದಲ್ಲ, ಸ್ಪೀಕರಿನದು ಅಥವಾ ಪಿನ್ನಿನ ಬುಡದಲ್ಲಿ ತುಂಡಾದ ವೈರಿನದು. ಮೊಬೈಲಿನಲ್ಲಿ ಕೇಳಿದರೆ ಪಿನ್ನನ್ನು ಸಿಪಿಯು ಹಿಂದಿನ ಹಸಿರು ಜ್ಯಾಕಿಗೆ ‘ಟಕ್’ ಅನ್ನುವವರೆಗೆ ಒತ್ತಿ. ಪಕ್ಕದ ತಿಳಿನೀಲಿ ಜ್ಯಾಕ್ ಒಳಗೆ ಸೌಂಡ್ ಕಳಿಸಲು ಇರುವುದು, ಗುಲಾಬಿ ಮೈಕಿಗೆ. ಮೇಜಿನ ಕೆಳಗೆ ಕತ್ತಲಲ್ಲಿ ಕೈಯಾಡಿಸಿ ಚುಚ್ಚುವಾಗ ನೀಲಿಗೆ ಹೋಗುವುದು ತೀರ ಸಾಮಾನ್ಯ.

ಆಮೇಲೆ ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್ ತೆಗೆದು ಔಟ್‌ಪುಟ್ ಯಾವುದಿದೆ ನೋಡಿ. ಹಳೇ ವಿಜಿಎ ಮಾನಿಟರ್ ತೆಗೆದು ಎಚ್‌ಡಿಎಂಐ ಮಾನಿಟರ್ ಹಚ್ಚಿದ ದಿನವೇ ಸೌಂಡ್ ಹೋಗಿದ್ದರೆ ಕಾರಣ ಬಹುತೇಕ ಇದೇ. ವಿಜಿಎ ಕೇಬಲ್ ಚಿತ್ರ ಮಾತ್ರ ಒಯ್ಯುತ್ತದೆ, ಎಚ್‌ಡಿಎಂಐ ಚಿತ್ರದ ಜೊತೆ ಸೌಂಡನ್ನೂ ಒಯ್ಯುತ್ತದೆ. ವಿಂಡೋಸ್ ‘ಹೊಸ ಸ್ಪೀಕರ್ ಬಂತು’ ಅಂದುಕೊಂಡು ಎಲ್ಲ ಸೌಂಡನ್ನೂ ಮಾನಿಟರಿನ ಕಡೆ ತಿರುಗಿಸುತ್ತದೆ. ಬಹಳಷ್ಟು ಮಾನಿಟರುಗಳಲ್ಲಿ ಸ್ಪೀಕರೇ ಇರುವುದಿಲ್ಲ. ಪಟ್ಟಿಯಲ್ಲಿ ರಿಯಲ್‌ಟೆಕ್ ಸ್ಪೀಕರ್ಸ್ ಆರಿಸಿದರೆ ಮುಗಿಯಿತು, ಖರ್ಚು ಸೊನ್ನೆ.

ಅಲ್ಲೂ ಸರಿಯಿದ್ದರೆ ಸ್ಟಾರ್ಟ್ ಮೆನುವಿನ ರೀಸ್ಟಾರ್ಟ್ ಒತ್ತಿ. ಶಟ್‌ಡೌನ್ ಮಾಡಿ ಮತ್ತೆ ಚಾಲೂ ಮಾಡಿದ್ದು ಇಲ್ಲಿ ಲೆಕ್ಕಕ್ಕಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಆದಾಗ ಡ್ರೈವರಿನ (ಸೌಂಡ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರಿನ) ಸ್ಥಿತಿ ಹಾರ್ಡ್‌ಡಿಸ್ಕಿನಲ್ಲಿ ಹಾಗೇ ಉಳಿದಿರುತ್ತದೆ, ಸಿಕ್ಕುಬಿದ್ದ ಡ್ರೈವರ್ ಮರುದಿನವೂ ಸಿಕ್ಕುಬಿದ್ದೇ ಏಳುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಲೋಡ್ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಬಂದ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ನನ್ನು 20 ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಚಾಲೂ ಮಾಡಿ. ಬೋರ್ಡಿನಲ್ಲಿ ಉಳಿದ ಕರೆಂಟ್ ಇಳಿದರೆ ಸ್ತಬ್ಧವಾಗಿದ್ದ ಆಡಿಯೊ ಚಿಪ್ ಎಷ್ಟೋ ಸಲ ಎದ್ದು ಕೂರುತ್ತದೆ.

ಮುಂದಿನದು ವಿಂಡೋಸ್‌ನ ಡಿವೈಸ್ ಮ್ಯಾನೇಜರ್, ಅಂದರೆ ಕಂಪ್ಯೂಟರಿನ ಬಿಡಿಭಾಗಗಳ ಪಟ್ಟಿ. ಸೌಂಡ್ ವಿಭಾಗದಲ್ಲಿ ರಿಯಲ್‌ಟೆಕ್ ಅಥವಾ ಹೈ ಡೆಫಿನಿಷನ್ ಆಡಿಯೊ ಡಿವೈಸ್ ಅಂತ ಇದ್ದರೆ ಚಿಪ್ ಉತ್ತರ ಕೊಡುತ್ತಿದೆ ಎಂದರ್ಥ. ಬರೀ ಇಂಟೆಲ್ ಡಿಸ್‌ಪ್ಲೇ ಆಡಿಯೊ ಅಥವಾ ಎನ್‌ವಿಡಿಯಾ (ಇವು ಎಚ್‌ಡಿಎಂಐ ಸೌಂಡಿನವು) ಮಾತ್ರ ಕಂಡರೆ ಬಯೋಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ಸ್‌ಗೆ ಹೋಗಿ ಆನ್‌ಬೋರ್ಡ್ ಆಡಿಯೊ ಎನೇಬಲ್ ಇದೆಯೇ ನೋಡಿ. ಎನೇಬಲ್ ಇದ್ದೂ ಕಾಣದಿದ್ದರೆ ಚಿಪ್ ಸತ್ತಿರುವ ಸಾಧ್ಯತೆಯೇ ಹೆಚ್ಚು.

ಅನುಮಾನ ಪೂರ್ತಿ ತೀರಬೇಕೆಂದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ (ಉಬುಂಟುವಿನಲ್ಲಿ ‘ಟ್ರೈ’ ಒತ್ತಿ) ಒಂದು ಹಾಡು ಹಚ್ಚಿ. ಅಲ್ಲಿ ಸೌಂಡ್ ಬಂದರೆ ಹಾರ್ಡ್‌ವೇರ್ ಗಟ್ಟಿಯಾಗಿದೆ, ತಪ್ಪು ವಿಂಡೋಸ್‌ನದು: ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ, ಇಲ್ಲವೇ ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟಿನಿಂದ ಆ ಮಾಡೆಲಿನ ಡ್ರೈವರ್ ಇಳಿಸಿಕೊಳ್ಳಿ. ಅಲ್ಲೂ ಬರದಿದ್ದರೆ ಸೌಂಡ್ ಕಾರ್ಡಿಗೆ ರೊಕ್ಕ ಹಾಕಬಹುದು.

ಆದರೂ ಒಂದು ತಡೆ ಇದೆ, ಇದನ್ನು ಬಲ್ಲವರು ಕಡಿಮೆ. ಕ್ಯಾಬಿನೆಟ್ಟಿನ ಮುಂದಿನ ಹೆಡ್‌ಫೋನ್ ಜ್ಯಾಕಿನಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಹೆಡ್‌ಫೋನ್ ಹಚ್ಚಿದರೆ ಅದು ಬೋರ್ಡಿಗೆ ಹೇಳುತ್ತದೆ, ಬೋರ್ಡು ಹಿಂದಿನ ಸ್ಪೀಕರನ್ನು ಬಂದ್ ಮಾಡುತ್ತದೆ. ನಮ್ಮ ಕಡೆಯ ಬ್ಯಾಸಗಿ ಧೂಳು ಆ ಜ್ಯಾಕಿನೊಳಗೆ ಕೂತರೆ, ಅಥವಾ ಪಿನ್ನಿನ ಎಳೆದಾಟಕ್ಕೆ ಅದರ ತಗಡು ಬಾಗಿದರೆ, ಹೆಡ್‌ಫೋನ್ ಇಲ್ಲದಿದ್ದರೂ ಇದೆ ಎಂದೇ ಬೋರ್ಡು ನಂಬಿರುತ್ತದೆ. ಪವರ್ ಕಿತ್ತು, ಬಾಗಿಲು ತೆಗೆದು, ಬೋರ್ಡಿನ ಅಂಚಿನಲ್ಲಿ ಎಚ್‌ಡಿ ಆಡಿಯೊ ಅಂತ ಬರೆದ ಕನೆಕ್ಟರನ್ನು ಕಿತ್ತಿಡಿ (ಹತ್ತು ಜಾಗದಲ್ಲಿ ಒಂಬತ್ತೇ ಪಿನ್ನು, ಎಂಟನೆಯದು ಬೇಕಂತಲೇ ಖಾಲಿ). ಹಿಂದಿನ ಜ್ಯಾಕಿನಿಂದ ಸೌಂಡ್ ಬಂದರೆ ಕಳ್ಳ ಸಿಕ್ಕಂತೆ. ಮುಂದಿನ ಜ್ಯಾಕು ಬೇಡವೆಂದರೆ ಹಾಗೇ ಬಿಡಿ.

ಇಷ್ಟೆಲ್ಲ ದಾಟಿಯೂ ಸೌಂಡ್ ಇಲ್ಲವೆಂದರೆ ಈ ಸಾಮಾನಿನಷ್ಟು ಅಗ್ಗದ, ಸುಲಭದ ಪರಿಹಾರ ಬೇರೊಂದಿಲ್ಲ. ಆಡಿಯೊ ಚಿಪ್ ಬದಲಿಸುವುದು ಬಿಸಿಗಾಳಿಯ ಬೆಸುಗೆ ಕೆಲಸ, ಹಳೇ ಬೋರ್ಡಿಗೆ ಅದು ದಕ್ಕುವ ಮಾತಲ್ಲ. ಬೋರ್ಡು ಬದಲಿಸುವ ಖರ್ಚು ಇದರ ಹತ್ತು ಪಟ್ಟಿಗೂ ಮೀರುತ್ತದೆ.

ಹಚ್ಚುವುದು ಸರಳ. ಯುಎಸ್‌ಬಿ ಆಡಿಯೊ ಕ್ಲಾಸ್ ಅನ್ನುವ ಸಾಮಾನ್ಯ ಕಟ್ಟಳೆಗೆ ನಡೆಯುವುದರಿಂದ ವಿಂಡೋಸ್ 7, 10, 11, ಲಿನಕ್ಸ್ ಯಾವುದಕ್ಕೂ ಬೇರೆ ಡ್ರೈವರ್ ಬೇಡ. ಡಬ್ಬಿಯಲ್ಲಿ ಸಣ್ಣ ಸಿಡಿ ಬಂದರೆ ಅದನ್ನು ಹಾಕುವ ಉಸಾಬರಿ ಬೇಡ. ಹೆಸರು ‘ಯುಎಸ್‌ಬಿ ಪಿಎನ್‌ಪಿ ಸೌಂಡ್ ಡಿವೈಸ್’ ಅಥವಾ ‘ಯುಎಸ್‌ಬಿ ಆಡಿಯೊ ಡಿವೈಸ್’ ಅಂತ ಬರುತ್ತದೆ. ಅದನ್ನು ಡೀಫಾಲ್ಟ್ ಮಾಡಿ. ಒಮ್ಮೆ ಹಚ್ಚಿದ ಪೋರ್ಟಿನಲ್ಲೇ ಇರಲಿ. ಇಂಥ ಅಗ್ಗದ ಕಾರ್ಡಿಗೆ ತನ್ನದೇ ಸೀರಿಯಲ್ ನಂಬರ್ ಇರುವುದಿಲ್ಲ, ಪೋರ್ಟ್ ಬದಲಾದರೆ ವಿಂಡೋಸ್ ಅದನ್ನು ಹೊಸ ಸಾಮಾನು ಎಂದೇ ತಿಳಿಯುತ್ತದೆ, ನೀವು ಹೊಂದಿಸಿದ ವಾಲ್ಯೂಮು ಹೋಗುತ್ತದೆ.

ಸೌಂಡಿನ ಗುಣಮಟ್ಟ? 16 ಬಿಟ್, 48 ಕಿಲೋಹರ್ಟ್ಜ್. ಯೂಟ್ಯೂಬ್, ಆನ್‌ಲೈನ್ ಕ್ಲಾಸ್, ಭಜನೆ, ಕ್ರಿಕೆಟ್ ಕಾಮೆಂಟರಿಗೆ ಧಾರಾಳ ಸಾಕು. 2.1 ಸ್ಪೀಕರಿಗೆ ಹಚ್ಚಿದರೆ ಬೋರ್ಡಿನ ಸೌಂಡಿಗೂ ಇದಕ್ಕೂ ಫರಕು ಹುಡುಕುವುದು ಕಷ್ಟ. ಕಿವಿಯೊಳಗೆ ತೂರಿಸುವ ಇಯರ್‌ಫೋನ್ ಹಾಕಿದರೆ ಮಾತ್ರ ಹಾಡು ನಿಂತಾಗ ಸಣ್ಣಗೆ ‘ಸ್ಸ್’ ಅಂತ ಕೇಳುತ್ತದೆ. ಸ್ಟುಡಿಯೋದವರ 250 ಓಮ್ ಹೆಡ್‌ಫೋನಿಗೆ ಇದರ ತಾಕತ್ತು ಸಾಲದು.

ದೊಡ್ಡ ಡಬ್ಬಿಯ ಮೇಲೆ ‘7.1’ (ಎಂಟು ಚಾನೆಲ್ ಸೌಂಡ್) ಅಂತ ಅಚ್ಚು ಹಾಕಿದ್ದನ್ನು ನಂಬಬೇಡಿ. ಔಟ್‌ಪುಟ್ ಜ್ಯಾಕ್ ಒಂದೋ ಎರಡೋ ಇರುತ್ತದೆ, ಎರಡಿದ್ದರೂ ಹೋಗುವುದು ಎಡ-ಬಲ ಎರಡೇ ಚಾನೆಲ್. ಉಳಿದದ್ದು ಸಾಫ್ಟ್‌ವೇರಿನ ಆಟ. ಗೋಲಗುಮ್ಮಟದಲ್ಲಿ ಏಳು ಸಲ ಕೇಳುವ ದನಿಗೆ ಗೋಡೆಯಾದರೂ ಇದೆ, ಇದಕ್ಕೆ ಅದೂ ಇಲ್ಲ. ಆ ಮಾಡೆಲಿನ ಉಪಯೋಗವೆಂದರೆ ವಾಲ್ಯೂಮ್ ಬಟನ್ನುಗಳು. ಆದರೆ ಮೈಕ್ ಮ್ಯೂಟ್ ಬಟನ್ ಪಕ್ಕದಲ್ಲೇ ಇರುವುದರಿಂದ ಕೈತಾಗಿ ಮೈಕ್ ಬಂದಾದದ್ದು ಆನ್‌ಲೈನ್ ಇಂಟರ್‌ವ್ಯೂ ಹೊತ್ತಿಗೇ ಗೊತ್ತಾಗುತ್ತದೆ.

ಮೈಕ್ ಇದರ ದುರ್ಬಲ ಭಾಗ. ಮೊನೊ, ಅಂದರೆ ಒಂದೇ ಚಾನೆಲ್ ಮಾತ್ರ. ಮಾತು ನಿಂತಾಗ ಫ್ಯಾನಿನ ಸದ್ದು ಏರಿಬಂದು, ಮಾತಾಡಿದಾಗ ಇಳಿದರೆ ಕಂಟ್ರೋಲ್ ಪ್ಯಾನೆಲ್‌ನ ಸೌಂಡ್, ರೆಕಾರ್ಡಿಂಗ್, ಮೈಕ್ರೊಫೋನ್ ಪ್ರಾಪರ್ಟೀಸ್‌ಗೆ ಹೋಗಿ ಎಜಿಸಿ (ದನಿಯನ್ನು ತಾನೇ ಏರಿಸಿ ಇಳಿಸುವ ಸೌಲಭ್ಯ) ಅನ್ನುವ ಟಿಕ್ ತೆಗೆಯಿರಿ. ಇನ್ನೊಂದು: ಮೊಬೈಲ್ ಇಯರ್‌ಫೋನಿನ ಪಿನ್ನಿನಲ್ಲಿ ಮೂರು ಕಪ್ಪು ಗೆರೆ, ಕಂಪ್ಯೂಟರಿನ ಪಿನ್ನಿನಲ್ಲಿ ಎರಡು. ಮೂರು ಗೆರೆಯದನ್ನು ಹಸಿರು ಜ್ಯಾಕಿಗೆ ಹಾಕಿದರೆ ಹಾಡು ಕೇಳುತ್ತದೆ, ಮೈಕ್ ನಡೆಯುವುದಿಲ್ಲ. ಎರಡು ಕವಲಿನ ಸ್ಪ್ಲಿಟರ್ ಬೇಕು.

ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್ ಬಳಸುವ ದೃಷ್ಟಿ ಸವಾಲಿನವರು ಒಂದು ಕೊರತೆ ಗಮನಿಸಬೇಕು. ಕೆಲ ಕ್ಷಣ ಸೌಂಡ್ ಇಲ್ಲದಿದ್ದರೆ ಕೆಲವು ಕಾರ್ಡುಗಳು ನಿದ್ದೆಗೆ ಜಾರಿ, ಮತ್ತೆ ಏಳುವಷ್ಟರಲ್ಲಿ ಪದದ ಮೊದಲ ಅಕ್ಷರ ನುಂಗುತ್ತವೆ. ‘ಕಡತ’ ಅನ್ನೋದು ‘ಡತ’ ಆದರೆ ಕೆಲಸ ಹೇಗೆ? ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಡಿಸೇಬಲ್ ಮಾಡಿ ನೋಡಿ. ಆದರೂ ನುಂಗಿದರೆ ಬೇರೆ ಮಾಡೆಲಿಗೆ ಬದಲಿಸಿಕೊಳ್ಳಿ.

ಅರ್ಥಿಂಗ್ ವಿಷಯ ಯಾವ ಅಂಗಡಿಯವರೂ ಎತ್ತುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆಯೇ? ಅರ್ಥಿಂಗ್ ಇಲ್ಲದ ಪ್ಲಗ್ಗಿನಲ್ಲಿ ಎಸ್‌ಎಂಪಿಎಸ್‌ನ (ಸಿಪಿಯು ಒಳಗಿನ ಪವರ್ ಸಪ್ಲೈನ) ಫಿಲ್ಟರ್ ಕೆಪಾಸಿಟರುಗಳ ಮೂಲಕ ಕ್ಯಾಬಿನೆಟ್ಟಿಗೆ ಮೇನ್ಸ್‌ನ ಅರ್ಧದಷ್ಟು ವೋಲ್ಟೇಜು ಸೋರಿರುತ್ತದೆ. ಕರೆಂಟ್ ತೀರ ಕಡಿಮೆ, ಆದರೆ ಎಲ್ಲ ಚಾಲೂ ಇದ್ದಾಗಲೇ ಆಂಪ್ಲಿಫೈಯರಿನ ಪಿನ್ ಚುಚ್ಚಿದರೆ ಜ್ಯಾಕಿನ ತುದಿಯಲ್ಲಿ ಕಿಡಿ ಹಾರಲು ಸಾಕು. ಆಡಿಯೊ ಚಿಪ್ ಸಾಯುವ ದಾರಿಗಳಲ್ಲಿ ಇದೂ ಒಂದು, ಹೊಸ ಕಾರ್ಡೂ ಅದೇ ದಾರಿ ಹಿಡಿಯುತ್ತದೆ. ಸ್ಪೀಕರಿನಲ್ಲಿ ‘ಗುಂಯ್’ ಅನ್ನುವ ಸದ್ದಿಗೂ ಅರ್ಥಿಂಗ್ ದೋಷ ಕಾರಣವಾಗಿರಬಹುದು. ಎರಿ ನೆಲ ಬ್ಯಾಸಗಿಯಲ್ಲಿ ಬಿರಿದಾಗ ಅರ್ಥಿಂಗ್ ಗುಂಡಿಯೂ ಒಣಗುತ್ತದೆ, ಅದಕ್ಕೆ ಆಗಾಗ ನೀರು ಹಾಕಿಸಿ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದಾಗ ಫೇಸು-ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್-ಅರ್ಥ್ ನಡುವೆ ಕೆಲವೇ ವೋಲ್ಟ್ ತೋರಿಸಬೇಕು.

ಟೈಪ್-ಸಿ ಮೊಬೈಲಿನ ಇಯರ್‌ಫೋನ್ ಕನೆಕ್ಟರನ್ನೇ ಇದರ ಬದಲು ಬಳಸಬಹುದೇ ಅಂತ ಕೇಳುವವರಿದ್ದಾರೆ. ಒಳಗೆ ಚಿಪ್ ಇರುವುದಾದರೆ ನಡೆಯುತ್ತದೆ. ಬರೀ ವೈರ್ ಇರುವುದು ಮೊಬೈಲಿನದೇ ಆಡಿಯೊ ಚಿಪ್ಪನ್ನು ನೆಚ್ಚಿರುತ್ತದೆ, ಕಂಪ್ಯೂಟರಿನಲ್ಲಿ ಸುಮ್ಮನಿರುತ್ತದೆ.

ಕೊಳ್ಳುವಾಗ ಅಂಗಡಿಯ ಕಂಪ್ಯೂಟರಿಗೇ ಹಚ್ಚಿಸಿ. ಎಡ, ಬಲ ಎರಡೂ ಕಡೆ ಕೇಳಬೇಕು, ಮೈಕಿನಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಆಗಬೇಕು, ಪಿನ್ನನ್ನು ಮೆಲ್ಲಗೆ ಅಲುಗಾಡಿಸಿದರೆ ಸದ್ದು ಕಡಿಯಬಾರದು. ಅಗ್ಗದ ಕಾರ್ಡುಗಳಲ್ಲಿ ಮೊದಲು ಸಡಿಲಾಗುವುದು ಜ್ಯಾಕೇ. ಸಿಪಿಯುವನ್ನು ಗೋಡೆಗೆ ಒತ್ತಿ ಇಡುವವರು ಕಾರ್ಡನ್ನು ನೇರ ಹಿಂದಿನ ಪೋರ್ಟಿಗೆ ಚುಚ್ಚಬೇಡಿ, ಒಮ್ಮೆ ಕಾಲು ತಾಗಿದರೆ ಕಾರ್ಡಿನ ಜೊತೆ ಬೋರ್ಡಿನ ಯುಎಸ್‌ಬಿ ಪೋರ್ಟೂ ಕಿತ್ತು ಬರುತ್ತದೆ. ಒಂದು ಗೇಣಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಕೂಡ ಅದೇ ಕೌಂಟರಿನಲ್ಲಿ ಸಿಗುತ್ತದೆ, ಕೇಳಿ ತಗೊಳ್ಳಿ.